ಗೋಡೆಯೊಳಗಿನ ಅಂಗೈ

ಕಳೆದ ವಾರ ಇಲ್ಲಿ ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ಖಾಲಿ ಫ್ಲ್ಯಾಟೊಂದರಲ್ಲಿ, ಮಟಮಟ ಮಧ್ಯಾಹ್ನ, ನನಗೆ ಸತ್ತವರ ಕೈ ಕಂಡಿತು.

ನಗಬೇಡಿ. ಗೋಡೆ ನೋಡುವುದೇ ನನ್ನ ಉದ್ಯೋಗ. ಮನೆಯನ್ನು ಮಾಲೀಕರಿಗೆ ಒಪ್ಪಿಸುವ ಮೊದಲು ಕಿಟಕಿ ಮುಚ್ಚಿ, ಲೈಟ್ ಆರಿಸಿ, ಗೋಡೆಗೆ ತಾಗಿಸಿ ಟಾರ್ಚ್ ಹಿಡಿಯುತ್ತೇವೆ. ಆ ಅಡ್ಡಬೆಳಕಿನಲ್ಲಿ ಸಣ್ಣಪುಟ್ಟ ಉಬ್ಬುತಗ್ಗೂ ಎದ್ದು ಕಾಣುತ್ತದೆ. ಅವತ್ತು ಬೆಡ್‌ರೂಮಿನ ಗೋಡೆಯಲ್ಲಿ ಎದ್ದು ಬಂದದ್ದು ಒಂದು ಅಂಗೈ. ಬೆರಳುಗಳನ್ನೆಲ್ಲ ಅಗಲಿಸಿ, ಆಚೆಯಿಂದ ಯಾರೋ ತಳ್ಳುತ್ತಿರುವ ಹಾಗೆ.

ಜೊತೆಗಿದ್ದ ಪೈಂಟರ್ ಸಂಜೀವ (ಕಾಪುವಿನವನು) ಮೆಲ್ಲಗೆ ಹೇಳಿದ, "ಅದು ಗಂಗಾಧರಣ್ಣನ ಕೈ ಸರ್. ಪುಟ್ಟಿ ಮೆತ್ತಿ ನುಣ್ಣಗೆ ಮಾಡಿ ಆದ ಮೇಲೆ ಕಣ್ಣು ಮುಚ್ಚಿ ಗೋಡೆ ಮುಟ್ಟಿ ನೋಡ್ತಿದ್ರು. ಅವತ್ತು ಹಸಿ ಇತ್ತು ಕಾಣ್ತದೆ."

ಗಂಗಾಧರಣ್ಣ ಸಂಜೀವನಿಗೆ ಕೆಲಸ ಕಲಿಸಿದವರು. ಈ ಗೋಡೆ ಮುಗಿಸಿ ರೂಮಿಗೆ ಹೋಗಿ ಮಲಗಿದವರು ಏಳಲೇ ಇಲ್ಲ. ಹೃದಯಾಘಾತ. ಪೆಟ್ಟಿಗೆ ಮಂಗಳೂರಿನ ವಿಮಾನ ಹತ್ತಿತು. ವಾಟ್ಸ್ಯಾಪ್ ಗ್ರೂಪಿನಲ್ಲಿ ಆರ್‌ಐಪಿಗಳು ಹರಿದಾಡಿದವು. ನಾಲ್ಕಾರು ಜನ ಹಂಚಿಕೊಂಡ ರೂಮಿನಲ್ಲಿ ಅವರ ಬೆಡ್‌ಸ್ಪೇಸಿಗೆ ಬೇರೆಯವರು ಬಂದರು. ಖಲಾಸ್.

"ಇದೊಂದನ್ನು ಬಿಡುವಾ ಸರ್. ಲೈಟ್ ಹಾಕಿದ್ರೆ ಕಾಣೂದಿಲ್ಲ. ಅವರದ್ದು ಅಂತ ಇಲ್ಲಿ ಬೇರೆ ಎಂತ ಉಂಟು?"

ಈಗ ನನ್ನ ಪಾಡು ಕೇಳಿ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಕಲಾವಿಮರ್ಶಕನನ್ನು ಕಾಲೇಜಿನಲ್ಲಿ ಓದಿದ್ದೆ. ಕೈಕೆಲಸದ ಓರೆಕೋರೆಯಲ್ಲೇ ಮಾಡಿದವನ ಗುಣ ಉಸಿರಾಡುತ್ತದೆ, ತೀರಾ ನುಣುಪಾದದ್ದರಲ್ಲಿ ಜೀವವಿಲ್ಲ ಎಂಬುದು ಅವನ ವಾದ. ಕನ್ನಡ ಸಂಘದ ಭಾಷಣಗಳಲ್ಲಿ ಇದನ್ನು ಆಗಾಗ ಬಿಡುತ್ತಿರುತ್ತೇನೆ. (ಚಪ್ಪಾಳೆ ಗ್ಯಾರಂಟಿ.) ಆದರೆ ಸಂಜೀವನಿಗೆ ಹೇಳಿದ್ದೇನು?

"ಕ್ಲೈಂಟ್ ನೋಡಿದ್ರೆ ಗಲಾಟೆ ಮಾರಾಯ. ತುಂಬಿಸಿ ಉಜ್ಜಿಬಿಡು."

ಅವನು ಪುಟ್ಟಿಯ ಡಬ್ಬ ತೆರೆದ. ತುಂಬಿಸಿದ, ಉಜ್ಜಿದ, ಬಣ್ಣ ಬಳಿದ. ನಾನೇ ಬೀಗ ಹಾಕಿದೆ. ಕೀ ನನ್ನ ಜೇಬಿನಲ್ಲೇ ಇತ್ತು.

ಎರಡು ದಿನ ಬಿಟ್ಟು ಇಬ್ಬರೂ ಮತ್ತೆ ಹೋದೆವು. ಲೈಟ್ ಆರಿಸಿ ಟಾರ್ಚ್ ಹಿಡಿದೆ. ಅದೇ ಜಾಗ, ಅದೇ ಅಂಗೈ. ಸ್ವಲ್ಪ ಮಸುಕು, ಅಷ್ಟೇ. ಎಸಿ ಇಲ್ಲದ ಆ ಕೋಣೆಯಲ್ಲಿ ನನ್ನ ಬೆನ್ನು ತಣ್ಣಗಾಯಿತು.

"ಪುಟ್ಟಿ ಒಣಗುವಾಗ ಕುಗ್ಗಿದೆ, ಬೇರೇನಿಲ್ಲ" ಎಂದು ಜೋರಾಗಿ ಹೇಳಿದೆ. (ಯಾರಿಗೆ ಹೇಳಿದೆನೋ.) ಹಾಗೆ ಕುಗ್ಗುವುದೂ ಉಂಟು.

ಸಂಜೀವ ಗೋಡೆಯ ಹತ್ತಿರ ಹೋಗಿ, ಆ ಗುರುತಿನ ಮೇಲೆ ತನ್ನ ಅಂಗೈಯಿಟ್ಟು, ಕಣ್ಣು ಮುಚ್ಚಿ ನಿಂತ. ಆಮೇಲೆ ತಿರುಗದೆಯೇ ಕೇಳಿದ, "ಇನ್ನೊಮ್ಮೆ ಉಜ್ಜಲಾ ಸರ್?"

ಬೇಡ ಎಂದೆ. ಗೋಡೆಯನ್ನು ಪಾಸ್ ಮಾಡಿದೆ.

ಆ ಕೈಗೆ ಹೆದರಿದ್ದು ನಿಜ. ಅದಕ್ಕಿಂತ ಹೆಚ್ಚು ಹೆದರಿದ್ದು ಮನೆಗೆ ಬಂದು ಕುಳಿತಾಗ: ಇಷ್ಟು ವರ್ಷ ಇಲ್ಲಿನ ಗೋಡೆಗಳನ್ನೆಲ್ಲ ನುಣ್ಣಗೆ ಮಾಡಿಸಿದ ನಾನು ಹೋದ ಮೇಲೆ, ಉಜ್ಜಿ ತೆಗೆಯುವುದಕ್ಕಾದರೂ ನನ್ನದೇನು ಉಳಿದಿರುತ್ತದೆ?