ಇಮಾಂಸಾಬ್ ಹೇಳದ ಹೆಸರು

ಸಾಬಿರ್, ನಿನ್ನ ಹೆಸರನ್ನು ಇಟ್ಟವನು ನಿನ್ನ ಅಪ್ಪನಲ್ಲ — ನಾನು. ಇಷ್ಟು ವರ್ಷ ನೀನೂ ನಿನ್ನ ಅಮ್ಮನೂ ನಂಬಿಕೊಂಡು ಬಂದದ್ದು ನನ್ನ ಸುಳ್ಳನ್ನು.

ನಿನ್ನ ಅಪ್ಪ ಇಮಾಂಸಾಬ್ ಮತ್ತು ನಾನು ಭದ್ರಾವತಿಯಲ್ಲಿ ಒಂದೇ ಕೋಣೆಯಲ್ಲಿದ್ದೆವು. ಇಬ್ಬರಿಗೂ ಕಾರ್ಖಾನೆಯಲ್ಲಿ ಕೆಲಸ. ಬಸುರಿಯಾಗಿದ್ದ ನಿನ್ನ ಅಮ್ಮ ಹಾಜಿರಾ ಶಿವಮೊಗ್ಗದಲ್ಲಿ, ಅಣ್ಣನ ಮನೆಯಲ್ಲಿದ್ದಳು. ಚಳಿಜ್ವರವೆಂದು ಮಲಗಿದ ಇಮಾಂಸಾಬ್ ಮತ್ತೆ ಏಳಲಿಲ್ಲ. ಒಂದು ಮಧ್ಯಾಹ್ನ — ನಾನು ಗಂಜಿ ಇಳಿಸಿ, ಪಾಳಿಗೆ ಹೊತ್ತಾಯಿತೆಂದು ಅಂಗಿ ಹುಡುಕುತ್ತಿದ್ದೆ — ಗಂಡು ಹುಟ್ಟಿದರೆ ಇಂಥ ಹೆಸರಿಡಲು ಹಾಜಿರಾಗೆ ಹೇಳು ಎಂದ. ನನ್ನ ಕಿವಿಗೆ ಹೊಸದಾದ ಯಾವುದೋ ಅರಬ್ಬಿ ಹೆಸರು. “ಆಯ್ತು ಮಾರಾಯ, ಹೇಳ್ತೀನಿ” ಎಂದೆ, ತಿರುಗಿಯೂ ನೋಡದೆ. ಇನ್ನೊಮ್ಮೆ ಕೇಳಿಕೊಳ್ಳಬಹುದಿತ್ತು... ಪಾಳಿ ಮುಗಿಸಿ ಬರುವಷ್ಟರಲ್ಲಿ ಅವನ ಮಾತು ನಿಂತಿತ್ತು. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ನೀನು ಹುಟ್ಟಿದ ಸುದ್ದಿ ಬಂದಾಗ ಶಿವಮೊಗ್ಗಕ್ಕೆ ಹೋದೆ. ರೈಲಿಳಿದು ಜಟಕಾ ಹತ್ತಿದೆ. ಹಾಜಿರಾ ಪರದೆಯ ಆಚೆಯಿಂದ ಕೇಳಿದ್ದು ಒಂದೇ ಮಾತು: “ರಂಗಣ್ಣ, ಕೊನೆಗೆ ಅವರು ಏನಾದ್ರೂ ಹೇಳಿದ್ರಾ?”

ಅವನು ಹೇಳಿದ ಹೆಸರು ಮರೆತೆ ಎನ್ನಲು ನಾಲಿಗೆ ಏಳಲಿಲ್ಲ. “ಮಗನಿಗೆ ಸಾಬಿರ್ ಅಂತ ಹೆಸರಿಡ್ಬೇಕಂತೆ” ಎಂದೆ. ಅದು ನನ್ನನ್ನು ಕರೆತಂದ ಜಟಕಾದವನ ಹೆಸರು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಹೆಸರಿಡಲು ಬಂದಿದ್ದ ಮಸೀದಿಯ ಹಜರತ್ತರು ಅರ್ಥ ಬಿಡಿಸಿ ಹೇಳಿದರು. ಸಬ್ರ್ ಎನ್ನುವುದು ಅರಬ್ಬಿ ಮಾತು, ತಾಳ್ಮೆ ಎಂದು ಅರ್ಥ. ಪೇಟೆಯಲ್ಲಿ ನಾವೆಲ್ಲ ಸಬೂರಿ ಎನ್ನುವುದೂ ಅದರಿಂದಲೇ ಬಂದದ್ದು. ಸಾಬಿರ್ ಎಂದರೆ ಕಷ್ಟವನ್ನು ತಾಳಿಕೊಂಡು ನಿಲ್ಲುವವನು. ಪರದೆಯಾಚೆ ನಿನ್ನ ಅಮ್ಮ ಅತ್ತದ್ದು ಕೇಳಿಸಿತು. ನನಗೋ — ನಾಚಿಕೆಗೇಡು, ಹೇಳಿಬಿಡುತ್ತೇನೆ — ಒಳ್ಳೆಯ ಹೆಸರನ್ನೇ ಹೇಳಿದೆ ಎಂದು ಸಮಾಧಾನವಾಯಿತು.

ಅಲ್ಲಿಗೇ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ನೀನು ಹೆಜ್ಜೆಯಿಡುವ ಕಾಲಕ್ಕೆ ಹೊಳೆಹೊನ್ನೂರಿನ ಬಟ್ಟೆ ವ್ಯಾಪಾರಿಯೊಬ್ಬ ಹಾಜಿರಾಳನ್ನು ಮದುವೆಯಾಗಲು ಮುಂದೆ ಬಂದ. ಸಾಧು ಮನುಷ್ಯ, ನಿನ್ನನ್ನೂ ಮಗನಂತೆ ಸಾಕುತ್ತೇನೆಂದ. ಅವಳು ಒಲ್ಲೆನೆಂದಳು. ಬುದ್ಧಿ ಹೇಳಲಿ ಎಂದು ಅವಳ ಅಣ್ಣ ನನ್ನನ್ನೇ ಕರೆಸಿದ.

“ಮಗನ ಹೆಸರಲ್ಲೇ ನನಗೆ ಹೇಳಿ ಹೋಗಿದಾರಲ್ಲ ರಂಗಣ್ಣ, ತಾಳ್ಕೊಂಡಿರು ಅಂತ. ಅವರ ಮಾತು ಮೀರಲ್ಲ.”

ಆಗ ನಾನು ಒಂದು ಮಾತು ಆಡಿದ್ದರೆ — ಆಡಲಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಹೆಸರು ಮರೆತದ್ದು ಅಜಾಗರೂಕತೆ; ಅವತ್ತು ಸುಮ್ಮನಿದ್ದದ್ದು ಪಾಪ. ವ್ಯಾಪಾರಿ ಬೇರೆ ಕಡೆ ಮದುವೆಯಾದ. ನಿನ್ನ ಅಮ್ಮ ಊರವರ ರವಿಕೆ ಹೊಲಿದು, ಅಣ್ಣನ ಮನೆಯ ಮೂಲೆಯಲ್ಲಿ, ಅತ್ತಿಗೆಯ ಚುಚ್ಚುಮಾತು ಕೇಳಿಕೊಂಡು ನಿನ್ನನ್ನು ದೊಡ್ಡವನನ್ನಾಗಿ ಮಾಡಿದಳು.

ಈಗ ನೀನೂ ಭದ್ರಾವತಿಗೆ ಕೆಲಸಕ್ಕೆ ಬಂದಿದ್ದೀಯ. ಅಪ್ಪ ಸಾಯುವಾಗ ಇಟ್ಟ ಹೆಸರು ಎಂದು ಮೊನ್ನೆ ನೀನು ಜೊತೆಗಾರರಿಗೆ ಎದೆಯುಬ್ಬಿಸಿ ಹೇಳುತ್ತಿದ್ದೆ. ನಾನು ಹಿಂದೆಯೇ ನಿಂತಿದ್ದೆ.

ಅವನು ಹೇಳಿದ ಹೆಸರು ಯಾವುದು — ನನಗೆ ಇವತ್ತಿಗೂ ನೆನಪಿಲ್ಲ, ಇನ್ನು ನೆನಪಾಗುವುದೂ ಇಲ್ಲ. ಅದನ್ನು ನಿನಗೆ ತಂದುಕೊಡಲಾರೆ. ನಿನಗೆ ಹೇಳಿಯಾಯಿತು. ನಾಳೆ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗಿ ಹಾಜಿರಾಗೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅವಳು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತಿರುತ್ತೇನೆ.