ಈಜುಕೊಳವಿದ್ದ ಪಡಸಾಲೆ

ಚಿಕ್ಕಂದಿನಲ್ಲಿ ನಾವು ಗೆಳತಿಯರು ಆಡುತ್ತಿದ್ದ, ಊರು ಕಟ್ಟುವ ಆನ್‌ಲೈನ್ ಆಟವನ್ನು ಕಂಪನಿ ಮುಚ್ಚುತ್ತಿದೆ. ಮುಚ್ಚಬೇಡಿ ಎಂದು ಕೂಗಾಡುವವರಲ್ಲಿ ನಾನೂ ಒಬ್ಬಳು. ಅಲ್ಲಿ ಕಟ್ಟಿದ ಮನೆಗಳ ಚಿತ್ರಗಳನ್ನು ಎಲ್ಲರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಹಾಕೋಣ ಎಂದು ಉಳಿದವರು ಹೇಳಿದರು. ನಿನ್ನೆ ನನ್ನ ಮನೆಯನ್ನು ಕಂಪ್ಯೂಟರಿನಲ್ಲಿ ತೆರೆದೆ.

ಗಜೇಂದ್ರಗಡದ ನಮ್ಮ ಮನೆಯದೇ ನೀಲಿ ಬಾಗಿಲು. ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಮೂಗಿಗೆ ಬಡಿದಂತಾಯಿತು. ನಾನು ಚಿಕ್ಕವಳಿದ್ದಾಗ ಅವ್ವ ಪಡಸಾಲೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಬೀಗರು ಬಂದರೂ ಏಳದೆ, "ಬರ್ರಿ, ಕುಂದರ್ರಿ" ಎನ್ನುತ್ತಿದ್ದಳು. ನನಗೋ ನಾಚಿಕೆ.

ನಿನ್ನೆ ಅವ್ವ ಹಿಂದೆ ಬಂದು ನಿಂತಳು. "ನಮ್ಮ ಮನೀನ ಐತಲ್ಲ ಇದು! ಮಗ್ಗ ಎಲ್ಲೈತಿ?"

ಆಟದ ಗೆಳತಿಯರು ನಕ್ಕಾರೆಂದು ಕುಣಿಯ ಜಾಗದಲ್ಲಿ ಈಜುಕೊಳ ಮಾಡಿದ್ದೆ. ಅದನ್ನೇ ತೋರಿಸಿದೆ.

ಅವ್ವ ಆ ನೀರಿನ ಮೇಲೆ ಬೆರಳಿಟ್ಟಳು. "ಇರ್ಲಿ ಬಿಡವ್ವಾ. ಕಾಲ ಇಳಿಬಿಡಾಕ ಜಾಗಾ ಅಂತೂ ಇಟ್ಟೀಯಲ್ಲ."

ಚಿತ್ರ ಇನ್ನೂ ಹಾಕಿಲ್ಲ.