ನಲವತ್ತು ದಿನದ ಗಂಡಸು

ನಮ್ಮ ಜಹ್ಲೆ ಊರಿನಲ್ಲಿ ಬೀದಿಗೊಬ್ಬ ನಲವತ್ತು ದಿನದ ಗಂಡಸು ಇರುತ್ತಾನೆ. ನಮ್ಮ ಬೀದಿಗೆ ನನ್ನ ಮಾವ ಅಬು ನಖ್ಲೆ. ಬೆಳಗಿನ ಕಾಫಿಗೂ ಮುಂಚೆ ಅರಕ್ ಸಾರಾಯಿ ಕುಡಿಯುವ ಇವರು, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಸೋಮವಾರ ಬಾಟಲಿಗಳನ್ನೆಲ್ಲ ಮೋರಿಗೆ ಸುರಿದು ಮೀಸೆ ತಿರುವುತ್ತಾರೆ. ಹಬ್ಬದ ಮಧ್ಯಾಹ್ನ ಹೊಸ ಬಾಟಲಿ ಬಿಚ್ಚುತ್ತಾರೆ. "ಗಂಡಸು ಅಂದ್ರೆ ಅಬು ನಖ್ಲೆ, ಒಂದೇ ಏಟಿಗೆ ಬಿಟ್ಟ!" ಎಂದು ಬೀದಿಯೆಲ್ಲ ಹೊಗಳುತ್ತದೆ. ಹೊಗಳುವವರಿಗೇನು? ಬಿಟ್ಟ ಎರಡೇ ದಿನಕ್ಕೆ, ಬುಧವಾರ, ಬೆವರಿನಲ್ಲಿ ತೊಯ್ದ ಹಾಸಿಗೆ ಒಗೆಯುವವಳು ನಾನು, ಗೋಡೆಯ ಮೇಲೆ ಇಲ್ಲದ ಇರುವೆ ಹೊಸಕುವವರನ್ನು ಹಿಡಿಯುವವಳೂ ನಾನೇ. ಹೋದ ವರ್ಷ ಸೆಳವು ಬಂದು ಒಲೆಯ ಪಕ್ಕದಲ್ಲೇ ಬಿದ್ದರು. "ಹೀಗೆ ತಟ್ಟನೆ ಬಿಟ್ರೆ ಜೀವ ಹೋಗುತ್ತೆ, ಮಾತ್ರೆ ತಗೊಂಡು ಬಿಡ್ಬೇಕು" ಎಂದು ಡಾಕ್ಟರು ಗದರಿದ್ದರು. ಈ ಸಲವೂ ಮಾತ್ರೆ ಸಂತನ ಪಟದ ಹಿಂದೆಯೇ. "ಹರಕೆ ಹೊತ್ತಿರೋದು ಸಂತ ಎಲಿಯಾಸನಿಗೆ ಕಣಮ್ಮ, ಔಷಧಿ ಅಂಗಡಿಗಲ್ಲ!" ಎನ್ನುತ್ತಾರೆ ಮಾವ. ಎರಡು ತಿಂಗಳ ಮೊಮ್ಮಗಳನ್ನು ಎತ್ತಿಕೊಳ್ಳಿ ಎಂದರೆ, ಕೈಗಳನ್ನು ತೊಡೆಯಡಿ ಬಚ್ಚಿಟ್ಟು "ಅದು ಹೆಂಗಸರ ಕೆಲ್ಸ" ಎನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನೆ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಾವ ಐದು ಕಿಲೋ ಗೋಧಿನುಚ್ಚಿನ ಚೀಲಕ್ಕೆ ಮಗುವಿನ ಹೊದಿಕೆ ಸುತ್ತಿ, ಎದೆಗವಚಿಕೊಂಡು, ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ನಡೆಯುತ್ತಿದ್ದರು. ಎರಡು ಸಲ ಚೀಲ ಕೈಜಾರಿತು. ಪಟದ ಹಿಂದಿನ ಮಾತ್ರೆ ತಂದು ಮೇಜಿನ ಮೇಲೆ ಕುಕ್ಕಿದೆ. "ಮೊದ್ಲು ಇದು, ಆಮೇಲೆ ಮಗು!" ಸಂತನ ಕಡೆ ಒಮ್ಮೆ ನೋಡಿ ನುಂಗಿದರು; ಲೋಟ ಹಲ್ಲಿಗೆ ಕಟಕಟ ಬಡಿಯುತ್ತಿತ್ತು.